ಎಡಗಾಲಿನ ಬೆಲ್ಟು

ಬೆಲ್ಟನ್ನು ಒರೆಸಿ ಬಿಸಿಲಿಗಿಡುವ ಕೆಲಸ ದೊಡ್ಡವಳ ಪಾಲಿಗೆ ಹೇಗೆ ಬಂತು ಎಂದು ಕೇಳಿದರೆ ಆ ಮನೆಯಲ್ಲಿ ಯಾರೂ ಉತ್ತರ ಕೊಡಲಾರರು. ಮಾಡು ಎಂದು ಯಾರೂ ಹೇಳಿರಲಿಲ್ಲ, ಮಾಡುತ್ತೇನೆ ಎಂದು ಇವಳೂ ಒಪ್ಪಿರಲಿಲ್ಲ. ಆ ಮನೆಯ ಎಲ್ಲ ಕೆಲಸಗಳೂ, ಚೆಲ್ಲಿದ ನೀರು ಇಳಿಜಾರು ಹುಡುಕಿಕೊಂಡು ಹೋಗುವ ಹಾಗೆ, ಕೊನೆಗೆ ಇವಳ ಕಾಲ ಬುಡಕ್ಕೇ ಬಂದು ನಿಲ್ಲುತ್ತಿದ್ದವು. ಅತ್ತೆ ಸೊಸೆಯರಿಬ್ಬರನ್ನೂ ಹೆಸರು ಹಿಡಿದು ಕರೆದವರಲ್ಲ. ಹಿರಿಮಗನ ಹೆಂಡತಿ ದೊಡ್ಡವಳು, ಕಿರಿಮಗನ ಹೆಂಡತಿ ಚಿಕ್ಕವಳು. ದೊಡ್ಡವಳು ಎನ್ನುವಾಗ ಅತ್ತೆಯ ದನಿ ಕೆಲಸ ಹೇಳುವ ದನಿಯಾಗುತ್ತಿತ್ತು, ಚಿಕ್ಕವಳು ಎನ್ನುವಾಗ ಅದೇ ದನಿ ತಲೆ ಸವರುತ್ತಿತ್ತು. ಇಷ್ಟು ವರ್ಷ ಇದನ್ನು ಗಮನಿಸದೆ ಇದ್ದ ದೊಡ್ಡವಳು, ಚಿಕ್ಕವಳು ಆಫೀಸಿನವರ ಜೊತೆ ಶಟಲ್ ಆಡಲು ಹೋಗಿ ಎಡಮಂಡಿಯ ಲಿಗಮೆಂಟ್ ಹರಿದುಕೊಂಡು ಬಂದ ದಿನದಿಂದ ಗಮನಿಸತೊಡಗಿದ್ದಳು. ಒಮ್ಮೆ ಗಮನಿಸತೊಡಗಿದ ಮೇಲೆ ಮನೆಯಲ್ಲಿ ಬೇರೆ ಯಾವ ಸದ್ದೂ ಅವಳ ಕಿವಿಗೆ ಬೀಳುತ್ತಿರಲಿಲ್ಲ.

ಹಿಂಬಾಗಿಲ ಮೆಟ್ಟಿಲ ಮೇಲೆ ಕೂರಲು ಹೋದಾಗ ಬಲಮಂಡಿ ಒಳಗೊಳಗೇ ಕಟಕಟ ಎಂದಿತು. ಗೋಡೆ ಹಿಡಿದು, ಉಸಿರು ಬಿಗಿಹಿಡಿದು ಕೂತಳು. ತೊಡೆಯ ಮೇಲೆ ಬೆಲ್ಟು. ಬೆಲ್ಟು ಎಂದು ಮನೆಯವರೆಲ್ಲ ಕರೆದರೂ ಅದು ನಡು ತೊಡೆಯಿಂದ ಮೀನಖಂಡದವರೆಗೆ ಬರುವ ಒಂದು ಪಂಜರ. ಎರಡು ಬದಿಗೂ ಉಕ್ಕಿನ ಪಟ್ಟಿ, ಮಂಡಿಯ ಹತ್ತಿರ ತಿರುಗಣೆ, ಚರ್ರೆಂದು ಬಿಚ್ಚಿಕೊಳ್ಳುವ ಅಗಲವಾದ ಕಪ್ಪು ಪಟ್ಟಿಗಳು, ಒಳಗೆ ಮೆತ್ತನೆಯ ಬೂದು ಬಣ್ಣದ ಸ್ಪಂಜು. ಚಿಕ್ಕವಳ ಮೈ ಒರೆಸಿ ಮಲಗಿಸಿದ ಮೇಲೆ ಇದನ್ನು ಬಿಚ್ಚಿ ತಂದು, ಒದ್ದೆ ಬಟ್ಟೆಯಿಂದ ಸ್ಪಂಜು ಒರೆಸಿ, ಬಿಸಿಲಿಗಿಟ್ಟು, ಒಣಗಿದ ಕೂಡಲೇ ಮತ್ತೆ ಕಟ್ಟಬೇಕು. ಅಷ್ಟು ಹೊತ್ತು ಚಿಕ್ಕವಳು ಹಾಸಿಗೆ ಬಿಟ್ಟು ಕದಲುವಂತಿಲ್ಲ. ಮನೆಗೆ ಬಂದು ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ ಮೊದಲ ದಿನವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ್ದಳು, "ಬೆಲ್ಟ್ ಇಲ್ಲದೆ ಆ ಕಾಲು ನೆಲಕ್ಕೆ ಇಟ್ರೆ ಮುಗೀತು. ಹೊಸ ಲಿಗಮೆಂಟ್ ಇನ್ನೂ ಹಸಿ. ಕಿತ್ತು ಬಂದ್ರೆ ಮತ್ತೆ ಆಪರೇಷನ್, ಮತ್ತೆ ಮೊದಲಿಂದ." ಅತ್ತೆ ಕೇಳಿ ಕಣ್ಣೊರೆಸಿಕೊಂಡಿದ್ದರು. ಮೈದುನ ಹೆಂಡತಿಯ ಕೈ ಹಿಡಿದುಕೊಂಡಿದ್ದ. ದೊಡ್ಡವಳ ಗಂಡ, ಹೆಂಡತಿಯ ಚಪ್ಪಲಿಯ ಅಳತೆ ಕೂಡ ಗೊತ್ತಿಲ್ಲದ ಆ ಮನುಷ್ಯ, ಮಂಚದ ಪಕ್ಕದ ಕಾಲೊರಸನ್ನು ಬಗ್ಗಿ ತೆಗೆದು, "ಇದು ಇಲ್ಲಿರೋದು ಬೇಡ, ಜಾರುತ್ತೆ," ಎಂದಿದ್ದ. ಕಾಲೊರಸು ಜಾರುತ್ತದೆ ಎಂದು ಅವನಿಗೆ ಹೊಳೆಯಿತಲ್ಲ ಎಂದು ದೊಡ್ಡವಳಿಗೆ ಎರಡು ದಿನ ಊಟ ರುಚಿಸಿರಲಿಲ್ಲ.

ಸ್ಪಂಜಿನಲ್ಲಿ ಚಿಕ್ಕವಳ ಪೌಡರಿನ ವಾಸನೆ ಇತ್ತು. ನೋವಿನಲ್ಲೂ ಪೌಡರು ಹಾಕಿಕೊಳ್ಳುತ್ತಾಳೆ, ಪುಣ್ಯಾತ್ಗಿತ್ತಿ. ಫಿಸಿಯೋ ಹುಡುಗಿ ಬಂದಾಗಲಂತೂ ಮನೆಯಲ್ಲಿ ಪಾಠ ನಡೆದ ಹಾಗೆ. ಹೆಂಗಸರಿಗೇ ಯಾಕೆ ಈ ಮಂಡಿಯ ಗೋಳು ಎಂದು ಚಿಕ್ಕವಳು ಕೇಳಿದ್ದೇ ತಡ, ಆ ಹುಡುಗಿ ತನ್ನ ಸೊಂಟದ ಮೇಲೆ ಕೈಯಿಟ್ಟು ತೋರಿಸಿದ್ದಳು. "ನೋಡಿ ಮೇಡಂ, ನಮ್ಮ ಸೊಂಟ ಅಗಲ. ತೊಡೆ ಮೂಳೆ ಮಂಡಿಗೆ ನೆಟ್ಟಗೆ ಇಳಿಯಲ್ಲ, ಓರೆಯಾಗಿ ಬರುತ್ತೆ. ಹಾರಿ ಇಳಿಯುವಾಗ ಗಂಡಸರಿಗಿಂತ ನಮ್ಮ ಮಂಡಿ ಜಾಸ್ತಿ ಒಳಗೆ ಬಾಗುತ್ತೆ. ಲಿಗಮೆಂಟೂ ತೆಳ್ಳಗೆ, ಅದು ಹಾದು ಹೋಗೋ ಸಂದೂ ಕಿರಿದು. ತಿಂಗಳ ಕೆಲವು ದಿನ ಅದು ಸ್ವಲ್ಪ ಸಡಿಲ ಬೇರೆ ಆಗುತ್ತೆ ಅಂತಾರೆ. ಮುಟ್ಟು ನಿಲ್ಲೋ ವಯಸ್ಸಲ್ಲಿ ಸವೆಯೋದು ಜಾಸ್ತಿ. ತುಂಬ ಜನ ಎಕ್ಸ್-ರೇ ಸರಿ ಇದೆ ಅಂತ ಸುಮ್ಮನಾಗ್ತಾರೆ. ಎಕ್ಸ್-ರೇಯಲ್ಲಿ ಮೂಳೆ ಮಾತ್ರ ಕಾಣೋದು." ಚಹದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ದೊಡ್ಡವಳಿಗೆ ಒಂದೊಂದು ಮಾತೂ ತನ್ನ ಕಾಲನ್ನೇ ಮುಟ್ಟಿ ಹೇಳಿದಂತಾಗಿತ್ತು. ಅಗಲ ಸೊಂಟ! ಹೆಣ್ಣು ನೋಡಲು ಬಂದಾಗ ಅತ್ತೆ ಮೆಚ್ಚಿಕೊಂಡದ್ದೇ ಅದನ್ನು. ಹೆರಿಗೆ ಸಲೀಸು ಎಂದು ಎಲ್ಲರೆದುರು ಹೇಳಿ ಇವಳನ್ನು ನಾಚಿಸಿದ್ದರು. ಮಗಳು ಹುಟ್ಟಿ, ಬೆಳೆದು, ಹಾಸ್ಟೆಲು ಸೇರಿದ ಮೇಲೆ ಆ ಸೊಂಟ ಈಗ ಮಂಡಿಯ ಮೇಲೆ ಸಾಲ ವಸೂಲಿಗೆ ನಿಂತಿದೆ. ಅತ್ತೆ ಮಾತ್ರ ಪಾಠವನ್ನೆಲ್ಲ ಕೇಳಿ, "ನಮ್ಮ ಕಾಲದಲ್ಲಿ ಮಂಡಿ ಅಂತ ಒಂದಿದೆ ಅಂತಲೇ ಯಾರಿಗೂ ಗೊತ್ತಿರ್ಲಿಲ್ಲ ಬಿಡಮ್ಮ," ಎಂದು ನಕ್ಕಿದ್ದರು. ಹುಡುಗಿ ಹೊರಡುವಾಗ ದೊಡ್ಡವಳು ಗೇಟಿನ ತನಕ ಹೋಗಿ, ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, "ನನಗೂ ಈ ಬಲಗಾಲು..." ಎಂದು ಶುರು ಮಾಡಿದ್ದಳು. ಹುಡುಗಿ ಸ್ಕೂಟರಿನ ಕೀಲಿ ಹುಡುಕುತ್ತಲೇ, "ನೀವೂ ಒಂದ್ಸಲ ತೋರಿಸ್ಕೊಳ್ಳಿ ಆಂಟಿ," ಎಂದು ಹೊರಟು ಹೋಗಿದ್ದಳು. ಒಳಗೆ ಮಲಗಿದ್ದವಳು ಮೇಡಂ, ಗೇಟಿನಲ್ಲಿ ನಿಂತವಳು ಆಂಟಿ.

ತೋರಿಸಿಕೊಂಡಿದ್ದಳು. ಅದೇ ದೊಡ್ಡ ತಪ್ಪಾಗಿತ್ತು. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, "ಏನೂ ಇಲ್ವಲ್ಲಮ್ಮ, ತೂಕ ಸ್ವಲ್ಪ ಇಳಿಸಿ," ಎಂದಿದ್ದರು. ಗಂಡ ಜೊತೆಗೇ ಇದ್ದ. ಅಂದಿನಿಂದ ಇವಳು ಅಬ್ಬಾ ಎಂದರೆ ಸಾಕು, ಅವನು ಕೂತಲ್ಲಿಂದಲೇ, "ಏನೂ ಇಲ್ಲ ಅಂದ್ರಲ್ಲ," ಎನ್ನುತ್ತಿದ್ದ. ನೋವಿಗೆ ಸಾಕ್ಷಿ ಬೇಕಿತ್ತು, ಇದ್ದ ಒಂದು ಸಾಕ್ಷಿಯೂ ಉಲ್ಟಾ ಹೊಡೆದಿತ್ತು. ಚಿಕ್ಕವಳ ನೋವಿಗೆ ಏನು ಕಮ್ಮಿ? ಬಿದ್ದದ್ದನ್ನು ನೋಡಿದವರು ಹತ್ತು ಜನ, ಟಪ್ ಎಂಬ ಸದ್ದು ಕೇಳಿದವರು ಇನ್ನೂ ಹತ್ತು ಜನ, ಊದಿದ ಮಂಡಿ, ಹೊಲಿಗೆಯ ಗುರುತು, ಊರುಗೋಲು, ಇಗೋ ಈ ಬೆಲ್ಟು. ಅವಳ ನೋವನ್ನು ಊರೇ ಕಣ್ಣಾರೆ ನೋಡಿತ್ತು. ಇವಳದು ಮಂಡಿಯ ಚಿಪ್ಪಿನ ಹಿಂದೆ ಎಲ್ಲೋ ಕತ್ತಲಲ್ಲಿ ಕೂತು, ಇವಳೊಬ್ಬಳಿಗೇ ಕೇಳುವಂತೆ ಹಲ್ಲು ಮಸೆಯುತ್ತಿತ್ತು.

ಹೊಟ್ಟೆಕಿಚ್ಚು. ಆ ಮಾತನ್ನು ದೊಡ್ಡವಳು ಮನಸ್ಸಿನಲ್ಲೇ ಮೊದಲ ಸಲ ಪೂರ್ತಿ ಉಚ್ಚರಿಸಿದ್ದು ಅಲ್ಲಿ, ಆ ಮೆಟ್ಟಿಲ ಮೇಲೆ. ಮಲಗಿದವಳ ಮೇಲೆ, ಕಾಲು ಊರಲಾರದವಳ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ಚಿಕ್ಕವಳ ಸಂಬಳದ ಮೇಲೆ, ತೆಳ್ಳಗಿನ ಮೈಯ ಮೇಲೆ, ಗಂಡನಿಗೆ ಏಕವಚನ ಹಾಕಿ ಮಾತಾಡುವ ಧೈರ್ಯದ ಮೇಲೆ ಪಟ್ಟಿದ್ದರೆ ಯಾರಾದರೂ ಅರ್ಥ ಮಾಡಿಕೊಂಡಾರು. ಅದ್ಯಾವುದರ ಮೇಲೂ ಇವಳಿಗೆ ಆಸೆ ಇರಲಿಲ್ಲ. ಆಸೆ ಇದ್ದದ್ದು ಆ ಹರಿದ ಲಿಗಮೆಂಟಿನ ಮೇಲೆ.

ಸುಮ್ಮನೆ ಅಳತೆ ನೋಡೋಣ ಎಂದು ಬೆಲ್ಟನ್ನು ಬಲಗಾಲಿಗೆ ಇಟ್ಟಳು. ಕೂರಲಿಲ್ಲ. ಅದು ಎಡಗಾಲಿಗೆಂದೇ ಮಾಡಿದ್ದು. ತಿರುಗಣೆ ಅಡ್ಡ ಬಂತು, ಉಕ್ಕಿನ ಪಟ್ಟಿ ಮೂಳೆಗೆ ಒತ್ತಿತು. ಎಡಗಾಲಿಗೆ ಇಟ್ಟಳು. ತಾನು ಕೆಲಸ ಮಾಡುವ ಅಂಗಡಿಯ ಸಮವಸ್ತ್ರದ ಪ್ಯಾಂಟಿನ ಮೇಲೆ, ಪಟ್ಟಿಗಳನ್ನು ಒಂದಿಷ್ಟು ಸಡಿಲಿಸಿದ ಮೇಲೆ, ಬೆಲ್ಟು ಕಾಲನ್ನು ನಾಲ್ಕೂ ಕಡೆಯಿಂದ ತಬ್ಬಿ ಹಿಡಿಯಿತು. ಎಷ್ಟೋ ವರ್ಷಗಳಿಂದ ಯಾರೂ ಅವಳ ಕಾಲನ್ನು ಹೀಗೆ ಹಿಡಿದಿರಲಿಲ್ಲ. ಕಣ್ಣು ತುಂಬಿ ಬಂದದ್ದಕ್ಕೆ ಅವಳಿಗೇ ಸಿಟ್ಟು ಬಂತು. ಎದ್ದು ನಿಂತಳು, ನಾಲ್ಕು ಹೆಜ್ಜೆ ನಡೆದಳು. ಕಾಲು ತಾನಾಗಿ ಕುಂಟಿತು. ಒಳಗಿನಿಂದ ಅತ್ತೆ, "ದೊಡ್ಡವಳೇ, ಬಸ್ಸಿನ ಹೊತ್ತಾಯ್ತು," ಎಂದು ಕೂಗಿದರು. ಹಾಂ ಎಂದಳು. ಬಾಗಿಲ ಪಕ್ಕದ ಮೊಳೆಯಿಂದ ಚೀಲ ತೆಗೆದುಕೊಂಡಳು. ಚಿಕ್ಕವಳು ಮಾತ್ರೆ ನುಂಗಿ ಮಲಗಿದ್ದಾಳೆ, ಮನೆಯ ಮೂಲೆಯ ತನಕ ಹೋಗಿ ನೋಡುತ್ತೇನೆ ಅಷ್ಟೇ ಎಂದುಕೊಂಡಳು. ಮೂಲೆ ಬಂತು. ಗೇಟಿನ ತನಕ ಎಂದುಕೊಂಡಳು. ಗೇಟು ತೆಗೆದದ್ದು ಅವಳಿಗೆ ಸರಿಯಾಗಿ ನೆನಪಿಲ್ಲ, ಬಸ್ಸಿನಲ್ಲಿ ಒಬ್ಬ ಗಂಡಸು ಅವಳ ಕಾಲು ನೋಡಿ ಗಡಬಡಿಸಿ ಎದ್ದು ಸೀಟು ಕೊಟ್ಟದ್ದು ಮಾತ್ರ ಚೆನ್ನಾಗಿ ನೆನಪಿದೆ. ಆ ರಸ್ತೆಯಲ್ಲಿ ಅವಳು ಕೂತು ಪ್ರಯಾಣ ಮಾಡಿದ್ದು ಅದೇ ಮೊದಲು. ಅಂಗಡಿಗಳ ಬೋರ್ಡುಗಳೆಲ್ಲ ಬೇರೆಯೇ ಎತ್ತರದಲ್ಲಿ ಕಂಡವು.

ಅವಳು ಕೆಲಸ ಮಾಡುತ್ತಿದ್ದದ್ದು ಬೂಟು ಚಪ್ಪಲಿಗಳ ದೊಡ್ಡ ಅಂಗಡಿಯಲ್ಲಿ, ಹೆಂಗಸರ ವಿಭಾಗದಲ್ಲಿ. ಗಿರಾಕಿ ಮೆತ್ತನೆಯ ಸ್ಟೂಲಿನ ಮೇಲೆ ಕೂರಬೇಕು, ಕೆಲಸದವಳು ಅವಳ ಮುಂದೆ ಒಂಟಿ ಮಂಡಿಯೂರಿ ಕಾಲಿಗೆ ಬೂಟು ಹಾಕಿ ತೋರಿಸಬೇಕು. ಅಳತೆ ಸರಿಬಾರದಿದ್ದರೆ ಎದ್ದು, ಏಣಿ ಹತ್ತಿ, ಡಬ್ಬ ಇಳಿಸಿ, ಮತ್ತೆ ಮಂಡಿಯೂರಬೇಕು. ಅಂಗಡಿ ತೆರೆದಿರುವಷ್ಟು ಹೊತ್ತು ಕೆಲಸದವರು ಕೂರುವಂತಿಲ್ಲ. ಮಂಡಿಯೂರುವುದು ಕೂರುವುದಲ್ಲ ಎಂಬುದು ಮಾಲೀಕರ ಲೆಕ್ಕ. ಚಿಕ್ಕವಳ ಶಟಲ್ ಬೂಟು ಕೊಂಡದ್ದೂ ಇಲ್ಲೇ. ಆಫೀಸಿನ ಗೆಳತಿಯನ್ನು ಕಟ್ಟಿಕೊಂಡು ಬಂದಿದ್ದಳು. ಬೇರೆ ಯಾರಿಗೂ ಬಿಡುವಿರಲಿಲ್ಲ, ದೊಡ್ಡವಳೇ ಅವಳ ಮುಂದೆ ಮಂಡಿಯೂರಿದ್ದಳು. "ಬೇಡ ಅಕ್ಕ, ನಾನೇ ಹಾಕ್ಕೋತೀನಿ," ಎಂದು ಚಿಕ್ಕವಳು ಕಾಲು ಹಿಂದಕ್ಕೆಳೆದುಕೊಂಡಿದ್ದಳು ನಿಜ. ಆದರೆ ಮೇಲ್ವಿಚಾರಕ ನೋಡುತ್ತಿದ್ದುದರಿಂದ ಇವಳು ಆ ಪಾದವನ್ನು ಎಳೆದು ಹಿಡಿದು ಲೇಸು ಬಿಗಿದಿದ್ದಳು. "ಇವರು ನಮ್ಮ ಅಕ್ಕ," ಎಂದು ಚಿಕ್ಕವಳು ಪರಿಚಯಿಸಿದಾಗ ಗೆಳತಿ ತಮಾಷೆ ಎಂದುಕೊಂಡು ನಕ್ಕಿದ್ದಳು. ಆಮೇಲೆ ಬೂಟು ಹಾಕಿಕೊಂಡು ಚಿಕ್ಕವಳು ಹಾರಿ ನೋಡಿದ್ದಳು, ಅಲ್ಲೇ, ಕನ್ನಡಿಯ ಮುಂದೆ. ಇಳಿಯುವಾಗ ಅವಳ ಎರಡೂ ಮಂಡಿಗಳು ಒಂದಕ್ಕೊಂದು ಗುಟ್ಟು ಹೇಳುವ ಹಾಗೆ ಒಳಕ್ಕೆ ಬಾಗಿದ್ದು ನೆಲದ ಮೇಲೆ ಮಂಡಿಯೂರಿದವಳ ಕಣ್ಣಿಗೆ ಬಿದ್ದಿತ್ತು. ಚೆಂದ ಕಾಣಲಿಲ್ಲ ಎಂದಷ್ಟೇ ಅನಿಸಿತ್ತು, ಸ್ವಲ್ಪ ಖುಷಿಯೂ ಆಗಿತ್ತು.

ಮೇಲ್ವಿಚಾರಕನಿಗೆ ಪೆನ್ಸಿಲ್ ಎಂದು ಹೆಸರು, ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಇರುತ್ತಿದ್ದುದರಿಂದ. ಅವನು ಬೆಲ್ಟು ನೋಡಿದವನೇ ಪೆನ್ಸಿಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಏನಾಯ್ತ್ರೀ ಇದು?"

"ಶಟಲ್ ಆಡುವಾಗ ಬಿದ್ದೆ ಸಾರ್. ಲಿಗಮೆಂಟು." ಬಾಯಿಂದ ಮಾತು ಎಷ್ಟು ಸಲೀಸಾಗಿ ಬಂತೆಂದರೆ ತಾನು ಇದನ್ನು ಮೊದಲೇ ಎಷ್ಟೋ ಸಲ ಹೇಳಿ ಅಭ್ಯಾಸ ಮಾಡಿರಬೇಕು ಎಂದು ಅವಳಿಗೆ ಅನುಮಾನ ಬಂತು.

"ನೀವು ಶಟಲ್ ಆಡ್ತೀರಾ?"

"ಭಾನುವಾರ ಮಾತ್ರ."

ಪೆನ್ಸಿಲ್ಲಿಗೆ ನಗು ಬಂತು, ಆದರೆ ಉಕ್ಕಿನ ಪಟ್ಟಿಯನ್ನು ನೋಡಿ ನಗಲು ಧೈರ್ಯ ಬರಲಿಲ್ಲ. ಗಿರಾಕಿಗಳ ಒಂದು ಸ್ಟೂಲನ್ನು ತಾನೇ ಎತ್ತಿ ತಂದು ಬಿಲ್ಲು ಹಾಕುವ ಕಟ್ಟೆಯ ಹಿಂದೆ ಇಟ್ಟ. "ಇಲ್ಲಿ ಕೂತು ಬಿಲ್ಲಿಗೆ ಸೀಲ್ ಹಾಕಿ ಸಾಕು. ಮಾಲೀಕರು ಕೇಳಿದ್ರೆ ನಾನು ಹೇಳ್ತೀನಿ. ರಜೆ ಹಾಕದೆ ಬಂದಿದ್ದೀರಲ್ಲ, ಅದು ದೊಡ್ಡದು." ಕೂತಳು. ಅಂಗಡಿಯಲ್ಲಿ, ಹಾಡುಹಗಲು, ಎಲ್ಲರೂ ನೋಡುತ್ತಿರುವಾಗ. ಜೊತೆಯವರು ಒಬ್ಬೊಬ್ಬರಾಗಿ ಬಂದು ಕತೆ ಕೇಳಿದರು. ಇವಳು ಹಾರಿದ್ದನ್ನು, ಒಂಟಿ ಕಾಲಲ್ಲಿ ಇಳಿದದ್ದನ್ನು, ಟಪ್ ಎಂದದ್ದನ್ನು ಹೇಳಿದಳು. ಹೆಂಗಸರ ಸೊಂಟ, ಓರೆ ಮೂಳೆ, ತೆಳ್ಳಗಿನ ಲಿಗಮೆಂಟು, ಎಲ್ಲವನ್ನೂ ಹೇಳಿದಳು. "ಪಾಪ," ಎಂದು ಯಾರೋ ಅಂದರು. ಆ ಒಂದು ಪಾಪಕ್ಕಾಗಿ ತಾನು ಎಷ್ಟು ಹಸಿದಿದ್ದೆ ಎಂದು ಅವಳಿಗೆ ಆಗ ತಿಳಿಯಿತು. ಅದೂ ತನಗೆ ಸೇರಿದ್ದಲ್ಲ ಎಂಬುದು ತಿಳಿಯಲು ಇನ್ನು ಸ್ವಲ್ಪ ಹೊತ್ತು ಹಿಡಿಯಿತು. ನೋವಿದ್ದದ್ದು ಬಲಗಾಲಿಗೆ, ಮರ್ಯಾದೆ ಸಿಕ್ಕಿದ್ದು ಎಡಗಾಲಿಗೆ. ಬೆಲ್ಟಿನ ಕಾಲನ್ನು ನೆಟ್ಟಗೆ ಚಾಚಿಕೊಂಡಿರಬೇಕಾದ್ದರಿಂದ ಏಳುವಾಗ ಕೂರುವಾಗ ಪೂರ್ತಿ ಭಾರ ಬಲಮಂಡಿಯ ಮೇಲೆಯೇ ಬೀಳುತ್ತಿತ್ತು. ಅದು ಎಂದಿಲ್ಲದಷ್ಟು ನೋಯತೊಡಗಿತು. ಆ ಕಾಲನ್ನು ಉಜ್ಜಿಕೊಳ್ಳುವಂತಿರಲಿಲ್ಲ, ಯಾರಾದರೂ ನೋಡಿದರೆ? ಎಡಗಾಲನ್ನು ಉಜ್ಜಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಅಂಗಡಿ ತುಂಬಿತು. ಇವಳ ಗಿರಾಕಿಗಳೆಲ್ಲ ಹೊಸದಾಗಿ ಸೇರಿದ್ದ ಹುಡುಗಿಯ ಪಾಲಿಗೆ ಬಂದಿದ್ದರು. ಕೂತಲ್ಲಿಂದ ಅವಳ ನೆತ್ತಿ ಕಾಣುತ್ತಿತ್ತು, ಬೈತಲೆಯ ಬಿಳಿ ಗೆರೆ ಕಾಣುತ್ತಿತ್ತು. ಮಂಡಿಯೂರಿದವಳು ಮೇಲಿನಿಂದ ನೋಡುವವರಿಗೆ ಹೀಗೆ ಕಾಣುತ್ತಾಳೆ ಎಂದು ದೊಡ್ಡವಳು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಹುಡುಗಿ ಏಣಿ ಹತ್ತಿದಳು, ಇಳಿದಳು, ಮಂಡಿಯೂರಿದಳು, ಎದ್ದಳು. ಒಮ್ಮೆ ಡಬ್ಬಗಳ ಸಾಲಿನ ಹಿಂದೆ ನಿಂತು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಮಂಡಿಯ ಚಿಪ್ಪನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಳು. ದೊಡ್ಡವಳು ನೋಡಿದಳು. ನೋಯುತ್ತಾ ಎಂದು ಕೇಳಲಿಲ್ಲ. ಕೇಳಿದರೆ ಸ್ಟೂಲು ಬಿಡಬೇಕಾಗುತ್ತಿತ್ತು.

ಮನೆ ನೆನಪಾಗದೆ ಇರಲಿಲ್ಲ. ನೆನಪಾಗುತ್ತಲೇ ಇತ್ತು, ಅದೇ ಹೇಳಬಾರದ ಸಂಗತಿ. ಮೊದಮೊದಲು ಅದು ಬರೀ ಭಯವಾಗಿತ್ತು. ಚಿಕ್ಕವಳು ಎಚ್ಚರಗೊಂಡು ಬೆಲ್ಟು ಹುಡುಕುತ್ತಾಳೆ, ಅತ್ತೆಯನ್ನು ಕೂಗುತ್ತಾಳೆ. ಅತ್ತೆಗೆ ಕಿವಿ ಮಂದ, ಕೇಳಿಸುವುದಿಲ್ಲ. ಬಾತ್‌ರೂಮಿಗೆ ಹೋಗಲೇಬೇಕು, ಎಷ್ಟು ಹೊತ್ತು ತಡೆದಾಳು? ಮಂಚದ ಅಂಚಿಗೆ ಬರುತ್ತಾಳೆ. ಕಾಲು ಕೆಳಗಿಡುತ್ತಾಳೆ. ಟಪ್. ಅಲ್ಲಿಗೆ ನಿಲ್ಲಿಸಿ ದೊಡ್ಡವಳು ಸೀಲ್ ಹಾಕುತ್ತಿದ್ದಳು. ಮುಂದಿನ ಗಿರಾಕಿಯ ಹೊತ್ತಿಗೆ ಚಿಕ್ಕವಳು ಮತ್ತೆ ಮಂಚದ ಅಂಚಿಗೆ ಬಂದಿರುತ್ತಿದ್ದಳು. ಮತ್ತೆ ಟಪ್. ಯಾವಾಗಲೋ ಒಮ್ಮೆ ತನ್ನ ಕೈಯ ಸೀಲು ಬಿಲ್ಲಿನ ಮೇಲೆ ಬೀಳುವುದೂ ಆ ಸದ್ದೂ ಒಟ್ಟಿಗೇ ಆಗುತ್ತಿರುವುದು ಗೊತ್ತಾಗಿ ಬೆವರಿದಳು. ತಾನು ಹೆದರುತ್ತಿಲ್ಲ, ಕಾಯುತ್ತಿದ್ದೇನೆ. ಫೋನು ಅಂಗಡಿಯ ನಿಯಮದಂತೆ ಡ್ರಾಯರಿನಲ್ಲಿತ್ತು. ಪೆನ್ಸಿಲ್ಲನ್ನು ಕೇಳಿದರೆ ಕೊಡದೆ ಇರುತ್ತಿರಲಿಲ್ಲ, ಇವತ್ತಂತೂ ಕೇಳಿದ್ದೆಲ್ಲ ಕೊಡುವ ಮನಸ್ಸಿನಲ್ಲಿದ್ದ. ಕೇಳಲಿಲ್ಲ. ಈಗ ಮನೆಗೆ ಓಡಿದರೂ ಆಗುವುದು ಆಗಿಹೋಗಿರುತ್ತದೆ ಎಂದು ಸಮಾಧಾನ ಹೇಳಿಕೊಂಡಳು, ಇನ್ನೂ ಆಗಿರಲಾರದು ಎಂದು ಅದರ ಬೆನ್ನಿಗೇ ಅನಿಸಿತು, ಎರಡರಲ್ಲಿ ಯಾವುದು ಸಮಾಧಾನ ಎಂದು ತಿಳಿಯಲಿಲ್ಲ. ಸ್ಟೂಲು ಮೆತ್ತಗಿತ್ತು. ಸಂಜೆ ಬಾಗಿಲೆಳೆಯುವ ತನಕ ಅವಳು ಅಲ್ಲಿಂದ ಏಳಲಿಲ್ಲ.

ಬಸ್ಸಿಳಿದು ಮನೆಯ ಬೀದಿಗೆ ತಿರುಗಿದಾಗ ಮಾತ್ರ ಕಾಲುಗಳು ಅವಳ ಮಾತು ಕೇಳಲಿಲ್ಲ, ಬಲಗಾಲು ನೋವಿನಿಂದ, ಎಡಗಾಲು ಬೆಲ್ಟಿನಿಂದ. ಮನೆಯ ಮುಂದೆ ಜನ ಸೇರಿಲ್ಲ. ಬಾಗಿಲು ತೆರೆದಿದೆ. ಇಲ್ಲೇ ಬಿಚ್ಚಿ ಚೀಲದೊಳಗೆ ತುರುಕಲೇ ಎಂದು ನೋಡಿದಳು. ಅಷ್ಟು ದೊಡ್ಡ ಚೀಲ ಅವಳ ಬಳಿ ಇರಲಿಲ್ಲ. ಹಾಗೆಯೇ ಒಳಗೆ ಕಾಲಿಟ್ಟಳು. ನಡುಮನೆಯಲ್ಲಿ ಕೂತಿದ್ದ ಅತ್ತೆ ಅವಳ ಮುಖವನ್ನೂ ಕಾಲನ್ನೂ ನೋಡಿ ಎದ್ದೇ ನಿಂತರು.

"ಬಂದ್ಯಾ? ಡಾಕ್ಟ್ರು ಏನಂದ್ರು?"

"ಯಾವ ಡಾಕ್ಟ್ರು ಅತ್ತೆ?"

"ಇನ್ನೂ ಮುಚ್ಚಿಡ್ತೀಯಲ್ಲೇ! ಚಿಕ್ಕವಳು ಎಲ್ಲ ಹೇಳಿದ್ಲು. ನೀನು ಬೇಡ ಅಂದ್ರೂ ಅವಳೇ ಬಲವಂತ ಮಾಡಿ ಬೆಲ್ಟ್ ಕಟ್ಟಿಸಿ, ಕೆಲಸ ಮುಗಿಸ್ಕೊಂಡು ಡಾಕ್ಟ್ರಿಗೆ ತೋರಿಸ್ಕೊಂಡು ಬನ್ನಿ ಅಂತ ಕಳಿಸಿದ್ಳಂತೆ. ಮಂಡಿ ಸವೆದು ಹೋಗಿರಬೇಕು, ಎಕ್ಸ್-ರೇಯಲ್ಲಿ ಅದು ಕಾಣಲ್ವಂತೆ. ಇಷ್ಟು ನೋವಿಟ್ಕೊಂಡು ಒಂದು ಮಾತು ಹೇಳಬಾರದಿತ್ತಾ ನೀನು?"

ಅಡುಗೆಮನೆಯಿಂದ ಗಂಡ ಇಣುಕಿದ. ಅವನ ಕೈಯಲ್ಲಿ ಪಾತ್ರೆ ಹಿಡಿಯುವ ಬಟ್ಟೆ ಇತ್ತು. "ಹೋಗಿ ಕೂತ್ಕೋ, ಕೂತ್ಕೋ. ನೀರು ಕಾಯ್ತಾ ಇದೆ, ಬಿಸಿನೀರಿನ ಚೀಲ ತರ್ತೀನಿ," ಎಂದ. ಎಷ್ಟು ವರ್ಷ ಹೇಳಿದ್ದಳು. ಏಳುವಾಗ ಹೇಳಿದ್ದಳು, ಕೂರುವಾಗ ಹೇಳಿದ್ದಳು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಹೇಳಿದ್ದಳು. ಇವಳು ವರ್ಷಗಟ್ಟಲೆ ಹೇಳಿದ್ದು ಏನೂ ಇಲ್ಲ ಆಗಿತ್ತು, ಚಿಕ್ಕವಳು ಮಲಗಿದಲ್ಲಿಂದ ಒಂದು ಸಲ ಹೇಳಿದ್ದೇ ಇದೆ ಆಗಿಬಿಟ್ಟಿತು. ಬದುಕಿದೆ ಎಂದು ನಿಟ್ಟುಸಿರು ಬಿಡಬೇಕಾದವಳ ಎದೆಯಲ್ಲಿ ಬೆಳಗಿನದಕ್ಕಿಂತ ದೊಡ್ಡ ಬೆಂಕಿ ಎದ್ದಿತು. ನೋವು ನನ್ನದು, ಅದನ್ನು ನಂಬಿಸುವ ಬಾಯಿಯೂ ಅವಳದೇ ಆಗಬೇಕೇ?

ಚಿಕ್ಕವಳು ಗೋಡೆಗೆ ಒರಗಿ ಕೂತಿದ್ದಳು. ಪಕ್ಕದ ಮೇಜಿನ ಮೇಲೆ ನೀರಿನ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು, ಚಹ ಆರಿ ಕೆನೆಗಟ್ಟಿತ್ತು. ದೊಡ್ಡವಳನ್ನು ಕಂಡವಳೇ, "ಬಾಗಿಲು ಹಾಕಿ ಅಕ್ಕ," ಎಂದಳು. ಹಾಕಿದಳು. ಬೈಯುತ್ತಾಳೆ, ಬೈಯಲಿ ಎಂದು ನಿಂತಳು.

"ಮೊದಲು ಅದನ್ನ ಬಿಚ್ಚಿ ನನಗೆ ಕಟ್ಟಿ. ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ, ಆದ್ರೂ ಪ್ರಾಣ ಹೋಗ್ತಿದೆ."

ಚರ್ ಚರ್ ಎಂದು ಪಟ್ಟಿಗಳು ಬಿಚ್ಚಿಕೊಂಡವು. ಹೊಲಿಗೆಯ ಗುರುತಿನ ಆ ಸಣಕಲು ಕಾಲನ್ನು ಎತ್ತಿ, ಸ್ಪಂಜು ಸರಿಪಡಿಸಿ ಕಟ್ಟುವಾಗ ದೊಡ್ಡವಳು ಒಂದೊಂದು ಪಟ್ಟಿಯನ್ನೂ ಎರಡೆರಡು ಸಲ ಎಳೆದು ನೋಡಿದಳು. ತೊಡೆ ಎಷ್ಟು ಸೊರಗಿಹೋಗಿತ್ತು! ಹೆಗಲು ಕೊಟ್ಟು ಬಾತ್‌ರೂಮಿಗೆ ಕರೆದೊಯ್ದಳು, ಹೊರಗೆ ನಿಂತಳು, ಮತ್ತೆ ಹೆಗಲು ಕೊಟ್ಟು ಕರೆತಂದಳು. ಚಿಕ್ಕವಳು ಹಾಸಿಗೆಗೆ ಬಿದ್ದವಳೇ ಲೋಟದ ನೀರನ್ನು ಗಟಗಟ ಕುಡಿದು ಮುಗಿಸಿದಳು. ದೊಡ್ಡವಳು ಮಂಚದ ತುದಿಯಲ್ಲಿ ಕೂತಳು, ಕೂರುವಾಗ ಬಾಯಿಂದ ಬಂದ ನರಳಾಟವನ್ನು ಅರ್ಧಕ್ಕೇ ನುಂಗಿಕೊಂಡಳು.

"ಯಾಕೆ ಹಾಗೆ ಹೇಳ್ದೆ?"

"ಇನ್ನೇನು ಹೇಳ್ಲಿ? ಅಕ್ಕ ನನ್ನ ಬೆಲ್ಟ್ ಕದ್ಕೊಂಡು ಹೋದ್ರು ಅಂತಲಾ?" ಚಿಕ್ಕವಳು ನಕ್ಕಳು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. "ಹಾಗೇ ಹೇಳ್ಬೇಕು ಅಂತಿದ್ದೆ. ಸಂಜೆ ಎಲ್ಲರೂ ಬರ್ಲಿ, ಎಲ್ಲರ ಮುಂದೆ ಮರ್ಯಾದೆ ತೆಗೀತೀನಿ ಅಂತಲೇ ಕಾಯ್ತಾ ಇದ್ದೆ. ನಾನು ನಿದ್ದೆ ಮಾಡಿರ್ಲಿಲ್ಲ ಅಕ್ಕ. ನೀವು ಹೋಗೋದು ಈ ಕಿಟಕಿಯಿಂದ ಕಾಣಿಸ್ತು. ಗೇಟ್ ತೆಗೆದು, ಚೀಲ ಹೆಗಲಿಗೆ ಹಾಕ್ಕೊಂಡು ರಸ್ತೆಗೆ ಇಳಿದುಬಿಟ್ರಿ. ನನ್ನ ಬೆಲ್ಟ್ ಹೊರಗೆ ಹೋಗ್ತಿದೆ, ನಾನಿಲ್ಲಿ ಬಿದ್ದಿದ್ದೀನಿ. ಎಷ್ಟು ಹೊಟ್ಟೆ ಉರೀತು ಗೊತ್ತಾ? ಕೂಗೋಣ ಅನ್ನೋಷ್ಟರಲ್ಲಿ ನೀವು ತಿರುವು ದಾಟಿದ್ರಿ."

ಉರಿಯುವ ಹೊಟ್ಟೆಗಳು ಆ ಕೋಣೆಯಲ್ಲಿ ಎರಡಿವೆ ಎಂದು ದೊಡ್ಡವಳಿಗೆ ನಂಬಿಕೆ ಬರುತ್ತಿರಲಿಲ್ಲ.

"ಆಮೇಲೆ ನೀವು ಕಟ್ಕೊಂಡಿದ್ದು ಎಡಗಾಲಿಗೆ ಅಂತ ಹೊಳೀತು, ಸಿಟ್ಟು ಇಳೀತು. ನಗು ಬಂತು. ನಿಮ್ದು ಬಲಗಾಲು ಅಲ್ವಾ?"

"ನಿಂಗ್ಹೇಗೆ ಗೊತ್ತು?"

"ಮಹಡಿಯಿಂದ ಒಣಗಿದ ಬಟ್ಟೆ ತರುವಾಗ ಯಾವಾಗಲೂ ಬಲಗಾಲನ್ನೇ ಮೊದಲು ಇಳಿಸ್ತೀರಿ. ಆಮೇಲೆ ಎಡಗಾಲನ್ನ ಅದರ ಪಕ್ಕಕ್ಕೆ ತಂದು ನಿಲ್ಲಿಸಿ, ಮತ್ತೆ ಬಲಗಾಲು. ಈ ಮನೆಗೆ ಬಂದಾಗಿಂದ ನೋಡಿದ್ದೀನಿ."

ದೊಡ್ಡವಳು ತಲೆಯೆತ್ತಿದಳು. ಮದುವೆಯಾಗಿ ಇಷ್ಟು ವರ್ಷ ಜೊತೆಗೆ ಮಲಗಿದವನಿಗೆ, ಇವಳು ತಂದಿಟ್ಟ ಬಟ್ಟೆ ತೊಟ್ಟು ಹೊರಟವರಿಗೆ, ಯಾರಿಗೂ ಗೊತ್ತಿಲ್ಲದ ಗುಟ್ಟು ಅದು. ಅದನ್ನು ನೋಡಿಟ್ಟುಕೊಂಡವಳು ಬೇರೆ ಯಾರಾದರೂ ಆಗಬಾರದಿತ್ತೇ ಎಂದು ಅವಳ ಮನಸ್ಸು ಹಲುಬಿತು.

"ನೋಡಿಯೂ ಒಂದ್ಸಲಾನಾದ್ರೂ ಕೇಳ್ಲಿಲ್ಲ ಯಾಕೆ?"

ಚಿಕ್ಕವಳು ಬೆಲ್ಟಿನ ಪಟ್ಟಿಯ ತುದಿಯನ್ನು ಕೀಳುತ್ತಾ ಅಂಟಿಸುತ್ತಾ ಕೂತಳು. ತಲೆ ತಗ್ಗಿಸಿಯೇ ಹೇಳಿದಳು, "ಕೇಳಿದ್ರೆ ಮಹಡಿ ಕೆಲಸ ನನಗೆ ಬರ್ತಿತ್ತಲ್ಲ ಅಕ್ಕ."

ಡಬ್ಬಗಳ ಸಾಲಿನ ಹಿಂದೆ ಮಂಡಿ ಒತ್ತಿ ಹಿಡಿದು ನಿಂತ ಹುಡುಗಿ ದೊಡ್ಡವಳ ಕಣ್ಣ ಮುಂದೆ ಬಂದು ನಿಂತಳು. ಚಿಕ್ಕವಳ ಕೆನ್ನೆಗೆ ಬಾರಿಸಬೇಕು ಅನಿಸಿತು, ಅವಳ ಮಡಿಲಲ್ಲಿ ತಲೆಯಿಟ್ಟು ಅಳಬೇಕು ಅನಿಸಿತು. ಎರಡಕ್ಕೂ ಎದ್ದು ಹತ್ತಿರ ಹೋಗಬೇಕಿತ್ತು, ಏಳಲು ಬಲಗಾಲು ಒಪ್ಪಲಿಲ್ಲ. ಕೂತಲ್ಲೇ ಪ್ಯಾಂಟನ್ನು ಮಂಡಿಯ ಮೇಲಕ್ಕೆ ಸರಿಸಿ ನೋಡಿದಳು. ಬಲಮಂಡಿ ಊದಿ, ಕೆಂಪಗಾಗಿ, ಚಿಪ್ಪು ಎಲ್ಲಿದೆ ಎಂದು ಗೊತ್ತಾಗದಂತಾಗಿತ್ತು. ಕೊನೆಗೂ ಕಣ್ಣಿಗೆ ಕಾಣುವಂಥದ್ದು ಏನೋ ಬಂದಿತ್ತು. ಚಿಕ್ಕವಳು ಮುಂದೆ ಬಾಗಿ ಬೆರಳ ತುದಿಯಿಂದ ಅದನ್ನು ಮುಟ್ಟಿ, ಅಯ್ಯೋ ಎಂದಳು. ಆ ಅಯ್ಯೋ ನಿಜವಾದದ್ದು ಎಂದು ದೊಡ್ಡವಳಿಗೆ ಗೊತ್ತಾಯಿತು, ಗೊತ್ತಾದದ್ದಕ್ಕೆ ಇನ್ನೂ ಸಂಕಟವಾಯಿತು.

ಬಾಗಿಲು ತಳ್ಳಿಕೊಂಡು ಗಂಡ ಬಂದ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಕೈ ಸುಡುತ್ತಿರಬೇಕು, ಮುಖ ಹಿಂಡಿಕೊಂಡಿದ್ದ. ಅಷ್ಟರಲ್ಲಿ ಅವಳು ಪ್ಯಾಂಟನ್ನು ಕೆಳಗೆಳೆದುಕೊಂಡಿದ್ದಳು. ಯಾಕೆ ಎಳೆದುಕೊಂಡಳೋ, ಅಭ್ಯಾಸಬಲ. ಅವನು ಎರಡೂ ಕಾಲುಗಳನ್ನು ಒಂದಾದ ಮೇಲೊಂದು ನೋಡಿದ. ಬಾಗಿಲಿನ ಹತ್ತಿರ ಅತ್ತೆಯೂ ಬಂದು ನಿಂತಿದ್ದರು.

"ಯಾವ ಕಾಲು?" ಎಂದ.

ದೊಡ್ಡವಳು ಗಂಡನ ಮುಖ ನೋಡಿದಳು, ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಚಿಕ್ಕವಳು ಬಾಯಿ ತೆರೆಯುತ್ತಿರುವುದು ಕಣ್ಣಂಚಿನಲ್ಲಿ ಕಂಡಿತು. ಎಲ್ಲಿ ಇದನ್ನೂ ಅವಳೇ ಹೇಳಿಬಿಡುತ್ತಾಳೋ ಎಂದು ದೊಡ್ಡವಳು ಗಡಬಡಿಸಿ, ಅತ್ತೆಯ ಮಂದ ಕಿವಿಗೂ ಕೇಳುವಷ್ಟು ಗಟ್ಟಿಯಾಗಿ, "ಬಲಗಾಲು," ಎಂದಳು.